ಕಾಫಿಗೆ ಕರೆಯುವ ನಕ್ಷೆ

ಬಾಣ, ಚೌಕಗಳ ನಕ್ಷೆ ಬಿಡಿಸುವ ಆ್ಯಪ್‌ನ ಹೊಸ ಪರೀಕ್ಷಾ ಆವೃತ್ತಿ ಬಂದಾಗಲೆಲ್ಲ ಬಳಕೆದಾರರಿಗೆ ಸಲಹೆ ಬರೆಯುವುದು ಸುಮೇಧಾಳ ಕೆಲಸ. 'ಈ ಸಲ ನೀವು ಬಿಡಿಸಿದ್ದೆಲ್ಲ ತಾನಾಗಿಯೇ ತಂಡಕ್ಕೆಲ್ಲ ಕಾಣುತ್ತದೆ; ಬೇಡವಾದರೆ ಮೊದಲೇ ಲಾಕ್ ಮಾಡಿ' ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು, ಅದೇ ಆ್ಯಪ್‌ನಲ್ಲಿ ತಪ್ಪು ಹುಡುಕುವ ಟೆಸ್ಟರ್ ಶಶಾಂಕನನ್ನು ಕಾಫಿಗೆ ಕರೆಯುವುದು ಹೇಗೆಂದು ತನಗಾಗಿ ಬಿಡಿಸಿಕೊಂಡ ನಕ್ಷೆಯನ್ನು ಲಾಕ್ ಮಾಡಲು ಮರೆತಳು. ಬಾಯಿಬಿಟ್ಟು ಕೇಳುವುದೆಂದರೆ ನಾಲಿಗೆ ಒಣಗುವ ಹೆಣ್ಣು ಅದು.

ಮಧ್ಯಾಹ್ನ ಅವನೇ ಅವಳ ಮೇಜಿನ ಬಳಿ ಬಂದ.

"ನಿಮ್ಮ ನಕ್ಷೆ ನೋಡ್ದೆ ಕಣ್ರೀ. ಒಂದು ತಪ್ಪಿದೆ."

"ಅದು... ಸುಮ್ನೆ ಉದಾಹರಣೆಗೆ ಬಿಡಿಸಿದ್ದು," ಎಂದಳು, ಕೀಬೋರ್ಡ್ ನೋಡುತ್ತ.

"ಉದಾಹರಣೆಗೆ ನನ್ನ ಹೆಸರೇ ಸಿಕ್ತಾ? ಇರ್ಲಿ. ನಾನು ಬರಲ್ಲ ಅಂದ್ರೆ ನಗೋದು, ಕೆಮ್ಮೋದು, ಜ್ವರ ಅಂತ ರಜ ಹಾಕೋದು, ಎಲ್ಲಕ್ಕೂ ಬಾಣ ಎಳೆದಿದೀರಿ. ಬರ್ತೀನಿ ಅಂದ್ರೆ ಎಲ್ಲಿಗೆ ಹೋಗ್ಬೇಕು ಅಂತ ಒಂದೂ ಬಾಣ ಇಲ್ವಲ್ಲ."