ರಾಹುಕಾಲ ಕಳೆದ ಮೇಲೆ
ಹೊಸ ವಿಂಡೋಸ್ ಅರ್ಧ ಇಳಿದಿದ್ದಾಗ ಕರೆಂಟು ಹೋಯಿತು. ಮೀನಾಳ ಕೈ ಮೌಸಿನ ಮೇಲೇ ಉಳಿಯಿತು.

"ಮೊದ್ಲೇ ಹಳೇ ಕಂಪ್ಯೂಟ್ರು, ಅದು ಒಲ್ಲೆ ಅಂದ್ರೂ ಬಲವಂತವಾಗಿ ಹಾಕ್ತಿದ್ದೆ ಕಣಕ್ಕ. ಈಗ ಹಳೇದೂ ಇಲ್ಲ, ಹೊಸದೂ ಇಲ್ಲ" ಎಂದ ರಿಪೇರಿಯ ನಟರಾಜು. ಅದು ಏಳದಿದ್ದರೆ ಸರಗೂರಿನಲ್ಲಿ ಜನರ ಅರ್ಜಿ ತುಂಬಿಕೊಡುವ ಅವಳ ಅಂಗಡಿ ಮುಚ್ಚಿದಂತೆಯೇ. ಬೆಳಿಗ್ಗೆಯೇ ಬಂದ ಅವನನ್ನು, ಶುಕ್ರವಾರದ ರಾಹುಕಾಲ ಕಳೆಯಲೆಂದು ಹನ್ನೆರಡರವರೆಗೆ ಕೂರಿಸಿದ್ದವರು ಅತ್ತೆ ಕುಳ್ಳಮ್ಮ.

ಅತ್ತೆ ಕಪ್ಪಾದ ಪರದೆಯನ್ನು ಸೆರಗಿನಿಂದ ಒರೆಸಿದರು. ಮತ್ತೆ ಒರೆಸಿದರು. "ನನ್ನಿಂದ್ಲೇ ಆಯ್ತು ಕಣವ್ವ."

ಹೌದೆನ್ನಲು ಮೀನಾ ಬಾಯಿ ತೆರೆದಳು. ಅತ್ತೆ ಇನ್ನೂ ಪರದೆ ಒರೆಸುತ್ತಲೇ ಇದ್ದರು. ಅವಳು ಎದ್ದು ತನ್ನ ಕುರ್ಚಿಯನ್ನು ಅವರತ್ತ ಸರಿಸಿದಳು.

"ಕೂತ್ಕಳಿ ಅತ್ತೆ. ಕರೆಂಟು ಬರ್ಲಿ, ಮೊದ್ಲಿಂದ ಹಾಕವ. ಈ ಸಲ ಬಟನ್ನು ನೀವೇ ಒತ್ತಿ."