ಬೆಲ್ಲದ ಮೇಲಿನ ಅಂಟು

ಹುಣಸೂರಿನ ರಸ್ತೆಯಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಬಂದರೆ ಈಗಲೂ ಕಾರಿನ ಗಾಜು ಏರಿಸುತ್ತೇನೆ.

ನಾನು ಚಿಕ್ಕವಳಿದ್ದಾಗಿನ ಮಾತು. ಮಧ್ಯಾಹ್ನ ಎಂದು ಬರೆಯುತ್ತಿದ್ದೇನೆ, ಆಣೆ ಮಾಡಲಾರೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ನೆರಳಲ್ಲಿ ಚಿಕ್ಕಮ್ಮನೂ ನಾನೂ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಬೆರಳಿಗೆಲ್ಲ ಕಪ್ಪು ಅಂಟು. ತಾತ ಭಾರತದಲ್ಲಿ ದುಶ್ಶಾಸನ ಸೀರೆ ಸೆಳೆಯುವ ಭಾಗ ಓದಿ ಅರ್ಥ ಹೇಳುತ್ತಿದ್ದರು. ಚಿಕ್ಕಮ್ಮನ ಮುಂಗೈಯಲ್ಲಿ ಬಳೆ ಒಡೆದ ಗಾಯವಿತ್ತು. ಹಿಂದಿನ ದಿನ ಚಿಕ್ಕಪ್ಪ ಹೊಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ.

"ಮಾವ, ನಾನು ಅಂತರಸಂತೆಗೆ ಓಗ್ತೀನಿ, ಅವ್ವನ ಮನೆಗೆ," ಎಂದಳು.

"ಎಲ್ಲಿಗೋದ್ರೂ ದುಶ್ಶಾಸನ ಬುಡಾಕಿಲ್ಲ ಕಣವ್ವ. ಅವ್ನು ವೊರಗಿಲ್ಲ, ಮನಸಿನ ಕೋಪಾನೇ ಅವ್ನು. ನಿನ್ನೊಳಗಿರೋನ್ನ ಗೆಲ್ಲು."

"ಒಳಗಿರೋನು ಬಳೆ ಒಡೀತಾನಾ ಮಾವ?"

ತಾತ ನಕ್ಕು ನನ್ನ ಕಡೆ ತಿರುಗಿದರು. "ನೀನೇ ಯೋಳು ಪುಟ್ಟಿ, ದುಶ್ಶಾಸನ ಅಂದ್ರೆ ಯಾರು?"

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು.

"ಕೋಪ, ತಾತ."

"ನೋಡ್ದಾ, ಮಗೀಗೇ ಗೊತ್ತು!" ಎಂದು ತಾತ ನನಗೊಂದು ಬೆಲ್ಲದ ಚೂರು ಕೊಟ್ಟರು. ಚಿಕ್ಕಮ್ಮ ಮತ್ತೆ ತವರಿನ ಮಾತೆತ್ತಲಿಲ್ಲ, ಇನ್ನೊಂದು ಕಡ್ಡಿ ಎತ್ತಿಕೊಂಡಳು.

ನಾನು ಕೈ ತೊಳೆದಿರಲಿಲ್ಲ. ಅಂಟು ಹತ್ತಿ ಬೆಲ್ಲ ಕಹಿಯಾಗಿತ್ತು. ತಾತ ನೋಡುತ್ತಿದ್ದರು, ಸಿಹಿಯಾಗಿದೆ ಎನ್ನುವಂತೆ ಚೀಪಿದೆ.