ಎಕ್ಸ್‌ಮಸ್ ನಕ್ಷತ್ರದ ಕೆಳಗೆ

"ಈ ನಕ್ಷತ್ರದ ಕೆಳಗ ನಿಂತು ನಾ ಬಾಯಿ ತೆಗ್ಯಂಗಿಲ್ಲ" ಎಂದರು ಸಭೆಯ ಹಿರಿಯ ಪ್ರಭುದಾಸರು. ಕ್ರಿಸ್ತಜಯಂತಿಯ ಕ್ಯಾರಲ್ ಹಾಡಲು ತಾರ್ನಾಕದ ಆ ಸಣ್ಣ ಓಣಿಗೆ ಬಂದಿದ್ದ ಕನ್ನಡ ಚರ್ಚಿನ ಸಭೆಯವರೆಲ್ಲ, ಢೋಲಕ್ ಹಿಡಿದವನೂ ಸೇರಿ, ತಲೆ ಎತ್ತಿ ನೋಡಿದರು. ಮೋಹನನ ಮನೆಬಾಗಿಲಿಗೆ ತೂಗಿಬಿಟ್ಟ ಕಾಗದದ ನಕ್ಷತ್ರದ ಮೇಲೆ ಇಂಗ್ಲಿಷಿನಲ್ಲಿ 'ಮೆರ್ರಿ ಎಕ್ಸ್‌ಮಸ್' ಎಂದು ಬರೆದಿತ್ತು. ಒಳಗೆ ಬಲ್ಬು ಬೇರೆ ಉರಿಯುತ್ತಿತ್ತು. ಸಂಜೆಗತ್ತಲಲ್ಲಿ ಆ ಅಕ್ಷರಗಳು ಓಣಿಯ ತುದಿಗೂ ಕಾಣುತ್ತಿದ್ದವು.

"ಸುಲ್ತಾನ್ ಬಜಾರ್‌ದಾಗ ತಂದೀನ್ರಿ ಕಾಕಾ. ಬಣ್ಣ ನೋಡಿದೆ, ಬರದದ್ದು ನೋಡಲಿಲ್ಲ" ಎಂದ ಮೋಹನ. "ಒಂದ ಹಾಡು ಹೇಳ್ರಿ ಸಾಕು. ಅವ್ವ ಮಧ್ಯಾಹ್ನದಿಂದ ಕಾಯಾಕತ್ತಾಳ."

ಅವನ ಅವ್ವ ಜಯಮ್ಮ, ಕಾಲಲ್ಲಿ ಕಸುವಿರುವ ತನಕ ಪ್ರತಿ ಡಿಸೆಂಬರಿನಲ್ಲೂ ಇದೇ ಗುಂಪಿನ ಮುಂದೆ ಹಾಡುತ್ತ ನಡೆದವಳು. ಈಗ ಒಳಕೋಣೆಯ ಮಂಚ ಹಿಡಿದಿದ್ದಳು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಕೇಳಿದ್ದು ಕೊಡಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ಅವಳು ಕೇಳಿದ್ದು ಒಂದೇ, ನಮ್ಮವರು ಬಂದು ಕನ್ನಡದಲ್ಲಿ ಒಂದು ಹಾಡು ಹಾಡಲಿ ಎಂದು. ಸೊಸೆ ತೆಲುಗಿನವಳು, ಮೊಮ್ಮಕ್ಕಳ ಬಾಯಲ್ಲಿ ಬರುವುದೂ ತೆಲುಗೇ. ಮೋಹನನೂ ಮನೆಯಲ್ಲಿ ಅದಕ್ಕೇ ಒಗ್ಗಿಹೋಗಿದ್ದ. ಮುಂದಿನ ಹಬ್ಬಕ್ಕೆ ಮುದುಕಿ ಇರುವುದಿಲ್ಲ ಎಂಬುದು ಬಾಗಿಲಲ್ಲಿ ನಿಂತ ಅಷ್ಟೂ ಜನರಿಗೆ ಗೊತ್ತಿತ್ತು.

ಹಾಗಿದ್ದ ಮೇಲೆ ಸೀದಾ ಒಳಗೆ ಹೋಗಿ ಹಾಡಬಹುದಿತ್ತಲ್ಲ? ಅದಾಗುವಂತಿರಲಿಲ್ಲ. ಮೊದಲ ಚರಣವನ್ನು ನಕ್ಷತ್ರದ ಕೆಳಗೆ ನಿಂತೇ ಹಾಡಬೇಕು, ಆಮೇಲೆ ಮನೆಯವರು ಕರೆಯಬೇಕು, ಆಮೇಲೆ ಹೊಸ್ತಿಲು ದಾಟಬೇಕು. ಇದು ಆ ಸಭೆಯವರ ಪದ್ಧತಿ. ರಾಯಚೂರು ಕಡೆಯಿಂದ ಈ ತೆಲುಗು ಊರಿಗೆ ಬರುವಾಗ ಹೊತ್ತು ತಂದದ್ದರಲ್ಲಿ ಎಷ್ಟೋ ಬಿಟ್ಟುಹೋಗಿತ್ತು, ಇದೊಂದು ಮಾತ್ರ ಗಟ್ಟಿಯಾಗಿ ಉಳಿದಿತ್ತು.

"ಕ್ರಿಸ್ತನ ಹೆಸರು ತೆಗದು ಅಲ್ಲೊಂದು ಎಕ್ಸ್ ಅಂತ ಕಾಟು ಹಾಕ್ಯಾರ. ಅದನ್ನ ನೀ ತಂದು ಬಾಗಿಲಿಗೆ ಕಟ್ಟೀದಿ" ಎಂದರು ಪ್ರಭುದಾಸರು. "ನಿಮ್ಮಪ್ಪನ ಹೆಸರಿನ ಮ್ಯಾಲೆ ಯಾರರ ಹಿಂಗ ಕಾಟು ಹೊಡದ್ರ ಸುಮ್ನಿರ್ತಿದ್ದೇನು?"

"ಅದು ಕಾಟು ಅಲ್ರಿ ಕಾಕಾ" ಎಂದು ಮುಂದೆ ಬಂದ ಯಶವಂತ. ಮಾದಾಪುರದಲ್ಲಿ ಐಟಿ ಕೆಲಸದ ಹುಡುಗ, ಇಂಥದ್ದನ್ನೆಲ್ಲ ಓದಿಕೊಂಡವನು. "ಗ್ರೀಕ್ ಭಾಷಾದಾಗ ಕ್ರಿಸ್ತನ ಹೆಸರಿನ ಮೊದಲನೇ ಅಕ್ಷರ ಹಂಗ ಐತಿ. ಹಳೇ ಕಾಲದ ವಿಶ್ವಾಸಿಗಳು ಹಂಗ ಬರೀತಿದ್ರು."

"ಗ್ರೀಕ್ ಕಲ್ತವ್ರು ತಿಂಗಳಿಗೊಮ್ಮೆರ ಆರಾಧನಾಕ್ಕ ಬರಬೇಕಪಾ" ಎಂದರು ಪ್ರಭುದಾಸರು.

ಕೆಲವರು ನಕ್ಕರು. ಅಲ್ಲಿಗೆ ಕೆಲಸ ಕೆಟ್ಟಿತು. ಯಶವಂತನ ಮುಖ ಕೆಂಪಗಾಯಿತು, ಅವನ ಜೊತೆಯ ಹುಡುಗರು ಅವನ ಬೆನ್ನಿಗೆ ಬಂದು ನಿಂತರು. ಮೋಹನ ಒಳಗಿನಿಂದ ಸ್ಟೂಲು ತಂದು ಹತ್ತಿದ. "ಬಿಚ್ಚೇ ಬಿಡ್ತೀನ್ರಿ, ಹಾಡ್ರಿ."

"ಬಿಚ್ಚಬ್ಯಾಡ್ರಿ ಅಣ್ಣಾ. ಅದು ಕ್ರಿಸ್ತನ ಗುರುತೈತಿ. ಅದನ್ನ ಇಳಿಸಿದ್ರ ನಾವು ಹಾಡಂಗಿಲ್ಲ" ಎಂದ ಯಶವಂತ.

ಮೋಹನ ನಕ್ಷತ್ರ ಬಿಚ್ಚಿದರೆ ಹುಡುಗರು ಬೆನ್ನು ತಿರುಗಿಸುತ್ತಿದ್ದರು. ಮತ್ತೆ ಕಟ್ಟಿದರೆ ಹಿರಿಯರು ಹಾಡಿನ ಪುಸ್ತಕವನ್ನು ಕಂಕುಳಿಗೆ ಸೇರಿಸುತ್ತಿದ್ದರು. ಚಹಾ ಆರಿಹೋಗುತ್ತಿದೆ, ಒಳಗೆ ಕರೆಯಿರಿ ಎಂದು ಅವನ ಹೆಂಡತಿ ತೆಲುಗಿನಲ್ಲಿ ಕೂಗುತ್ತಲೇ ಇದ್ದಳು. ನಕ್ಷತ್ರವನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ ಆ ನಡುವಯಸ್ಸಿನ ಗಂಡಸಿಗೆ ಅಳು ಬಂತು.

"ಇವತ್ತೋ ನಾಳೆಯೋ ಅನ್ನೂ ಮುದುಕಿಗೆ ಯಾವ ಅಕ್ಷರ ಇದ್ರೇನ್ರಿ? ಆಕಿಗೆ ಇಂಗ್ಲಿಷ್ ಓದಾಕನ ಬರಂಗಿಲ್ಲ!"

"ಆಕಿಗಾಗೇ ಹೇಳಾಕತ್ತೀನಿ" ಎಂದರು ಪ್ರಭುದಾಸರು. ಅವರ ದನಿಯಲ್ಲಿ ಮರುಕವಿತ್ತು. "ಆಕಿ ಯಾರ ಹತ್ರ ಹೊಂಟಾಳೋ ಅವನ ಹೆಸರು ಪೂರ್ತಿ ಇರಬಾರದೇನು?"

"ನಾವೂ ಅವ್ವಗಾಗೇ ನಿಂತೀವಿ" ಎಂದ ಯಶವಂತ.

ಎಲ್ಲರೂ ಅವ್ವನ ಪರವಾಗಿಯೇ ಇದ್ದರು. ಹಾಡುವವರು ಮಾತ್ರ ಒಬ್ಬರೂ ಇರಲಿಲ್ಲ. ಒಬ್ಬನಿಗಾದರೂ ಅಷ್ಟು ಹೃದಯ ಬೇಡವೇ? ಢೋಲಕ್‌ನವನು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಹಿರಿಯರು ಮುಂದೆ, ಹುಡುಗರು ಹಿಂದೆ, ಆಟೋಗಳು ನಿಂತಿದ್ದ ಓಣಿಯ ತುದಿಗೆ ಬೈದಾಡುತ್ತಲೇ ನಡೆದರು.

ಮೋಹನ ಒಳಗೆ ಬಂದ. ತಲೆ ಬಾಚಿಸಿಕೊಂಡು, ಸೆರಗು ಹೊದ್ದು, ಜಯಮ್ಮ ದಿಂಬಿಗೆ ಒರಗಿ ಕೂತಿದ್ದಳು. ಅವನು ಅವಳಿಗೆ ಹೊರಗಿನ ಗದ್ದಲ ಕೇಳದಿರಲಿ ಎಂದು ಕಿಟಕಿ ಮುಚ್ಚಲು ಹೋದ.

"ಹಾಕಬ್ಯಾಡಪಾ" ಎಂದಳು ಜಯಮ್ಮ. "ಅದು ಪ್ರಭುದಾಸನ ದನಿ. ಎಷ್ಟು ದಿನಾತು ಇಷ್ಟು ಮಂದಿ ಕೂಡಿ ಕನ್ನಡ ಮಾತಾಡಿದ್ದು ಕೇಳಿ!"

ಓಣಿಯ ತುದಿಯಲ್ಲಿ ಆಟೋಗಳು ಒಂದರ ಹಿಂದೊಂದು ಸ್ಟಾರ್ಟ್ ಆದವು. ದನಿಗಳು ಅದರಲ್ಲಿ ಮುಳುಗತೊಡಗಿದವು. ಜಯಮ್ಮ ಗಾಬರಿಯಾಗಿ ಮಗನ ಕೈ ಹಿಡಿದುಕೊಂಡಳು.

"ಓಡು ಮೋಹನಾ, ನಿಲ್ಲಸು ಅವ್ರನ್ನ. ಹಾಡದಿದ್ರ ಬ್ಯಾಡ, ಇನ್ನೊಂದೀಟು ಜಗಳಾಡಿ ಹೋಗ್ರಿ ಅಂತ ಹೇಳು."